ಒಂದು ಕೇಬಲ್ ಹೆಚ್ಚಾದಾಗ

ಉಮರ್ಗಾ, ನಿಲಂಗಾ, ಉದಗೀರ. ಮರಾಠವಾಡದ ಅಂಚಿನಲ್ಲಿ, ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಿಗೆ ಬೆನ್ನು ಹಚ್ಚಿ ಕೂತ ಊರುಗಳಿವು. ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು 1956ರವರೆಗೂ ಬೀದರ್ ಜಿಲ್ಲೆಯಲ್ಲೇ ಇದ್ದವು. ಪೇಟೆಯಲ್ಲಿ ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಹೊಲದ ಪಹಣಿಯಾದ ಸಾತ್‌ಬಾರಾ ಉತಾರಾಕ್ಕೋ ಬೆಳೆ ವಿಮೆಗೋ ಪಾಸ್‌ಬುಕ್ ಎಂಟ್ರಿಗೋ ಹಳ್ಳಿಯಿಂದ ಬಸ್ಸು ಹತ್ತಿ ಬಂದವರಿಗೆ ಕಿಟಕಿಯ ಆಚೆಯಿಂದ ಬರುವ ಉತ್ತರ ಯಾವ ಭಾಷೆಯಲ್ಲಾದರೂ ಅದೇ: “ಸರ್ವರ್ ಡೌನ್ ಅದರಿ, ನಾಳಿ ಬರ್ರಿ.”

ಸರ್ವರ್ ನಿಜಕ್ಕೂ ಮಲಗಿರುವುದುಂಟು. ಹೆದ್ದಾರಿ ಪಕ್ಕ ಮಣ್ಣು ಅಗೆಯುವ ಜೆಸಿಬಿಯ ಹಲ್ಲಿಗೆ ಫೈಬರ್ ಸಿಕ್ಕಿರುವುದೂ ಉಂಟು. ಇವೆರಡೂ ಅಲ್ಲದ ಮೂರನೆಯ ಬಗೆಯೊಂದಿದೆ. ಅದರಲ್ಲಿ ಏನೂ ಕೆಟ್ಟಿರುವುದಿಲ್ಲ. ಕರೆಂಟ್ ಇದೆ, ಹೊರಗಿನ ಲೈನ್ ಇದೆ, ಕಂಪ್ಯೂಟರ್‌ಗಳೆಲ್ಲ ಚಾಲೂ ಇವೆ. ಆದರೂ ಮೊಳ ದೂರದ ಪ್ರಿಂಟರಿಗೆ ಒಂದು ಹಾಳೆ ಹೋಗುವುದಿಲ್ಲ. ಗೋಡೆಗೆ ನೇತುಹಾಕಿದ ಪೆಟ್ಟಿಗೆಯಲ್ಲಿ ತಮ್ಮ ಪಾಡಿಗೆ ಹಿಂದೆ ಮುಂದೆ ಮಿಣುಕುತ್ತಿದ್ದ ಹಸಿರು ದೀಪಗಳು ಈಗ ಎಲ್ಲವೂ ಒಂದೇ ಸಮನೆ ಬಡಿದುಕೊಳ್ಳುತ್ತಿರುತ್ತವೆ. ಪೆಟ್ಟಿಗೆ ಬಂದ್ ಮಾಡಿ ಮತ್ತೆ ಹಾಕಿದರೆ ಕೆಲವು ಕ್ಷಣ ಸರಿ, ಆಮೇಲೆ ಮತ್ತದೇ ಕಥೆ. ಕೊನೆಗೆ ಯಾರೋ ಬೇಸತ್ತು ಒಂದು ಕೇಬಲ್ ಕಿತ್ತರೆ, ಕಿತ್ತ ಗಳಿಗೆಯಲ್ಲೇ ಇಡೀ ಕಚೇರಿ ಎದ್ದು ಕೂರುತ್ತದೆ.

ತಂತಿ ಹರಿದರೆ ನೆಟ್‌ವರ್ಕ್ ನಿಲ್ಲುವುದು ಯಾರಿಗಾದರೂ ಅರ್ಥವಾಗುತ್ತದೆ. ತಂತಿ ಒಂದು ಹೆಚ್ಚಾದರೆ ಯಾಕೆ ನಿಲ್ಲಬೇಕು?

ಪೆಟ್ಟಿಗೆಗೆ ಗೊತ್ತಿರುವುದಿಷ್ಟೇ

ಆ ಪೆಟ್ಟಿಗೆಯ ಹೆಸರು ಸ್ವಿಚ್. ದೀಪ ಹಚ್ಚುವ ಸ್ವಿಚ್ಚಿಗೂ ಇದಕ್ಕೂ ಸಂಬಂಧವಿಲ್ಲದ್ದರಿಂದ ಇಲ್ಲಿ ಇದನ್ನು ಸ್ವಿಚ್‌ಪೆಟ್ಟಿಗೆ ಎನ್ನೋಣ. ಐದು, ಎಂಟು, ಇಪ್ಪತ್ನಾಲ್ಕು ಹೀಗೆ ಎಷ್ಟೋ ಕಿಂಡಿಗಳು. ಒಂದೊಂದು ಕಿಂಡಿಗೆ ಒಂದೊಂದು ಕಂಪ್ಯೂಟರೋ ಪ್ರಿಂಟರೋ ಇನ್ನೊಂದು ಸ್ವಿಚ್‌ಪೆಟ್ಟಿಗೆಯೋ. ನೆಟ್‌ವರ್ಕಿಗೆ ಜೋಡಿಸುವ ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ ಹನ್ನೆರಡು ಅಕ್ಷರದ ಒಂದು ಗುರುತು ಕೊಟ್ಟಿರುತ್ತಾರೆ. ಒಳಗೆ ಬಂದ ಪ್ರತಿ ಓಲೆಯ ಮೇಲೆ ಕಳಿಸಿದವರ ಗುರುತನ್ನು ಪೆಟ್ಟಿಗೆ ಓದಿಕೊಳ್ಳುತ್ತದೆ. ‘ಇಂಥವರು ಮೂರನೇ ಕಿಂಡಿಯ ಕಡೆ ಇದ್ದಾರೆ’ ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಆಮೇಲೆ ಯಾರಾದರೂ ಆ ಗುರುತಿಗೆ ಓಲೆ ಬರೆದರೆ ನೇರ ಮೂರನೇ ಕಿಂಡಿಗೆ ದಾಟಿಸುತ್ತದೆ. ಯಾರೂ ಹೇಳಿಕೊಡದೆಯೇ ಕಲಿಯುವ ಈ ಗುಣದಿಂದಾಗಿಯೇ ಸ್ವಿಚ್‌ಪೆಟ್ಟಿಗೆಯನ್ನು ಅಂಗಡಿಯಿಂದ ತಂದು, ಪ್ಲಗ್ ಹಾಕಿ, ಮರೆತುಬಿಡಬಹುದು.

ತೊಡಕು ಬರುವುದು ಪಟ್ಟಿಯಲ್ಲಿಲ್ಲದ ಗುರುತಿಗೆ ಓಲೆ ಬಂದಾಗ. ಆಗ ಪೆಟ್ಟಿಗೆ ಅದನ್ನು ಬಂದ ಕಿಂಡಿಯೊಂದನ್ನು ಬಿಟ್ಟು ಉಳಿದೆಲ್ಲ ಕಿಂಡಿಗಳಿಗೂ ಕಳಿಸುತ್ತದೆ. ಎಲ್ಲರಿಗೂ ಎಂದೇ ಬರೆದ ಓಲೆಗಳೂ ಇವೆ. ಅವಕ್ಕೂ ಇದೇ ನಿಯಮ. ಕಂಪ್ಯೂಟರ್ ಒಂದು ಪ್ರಿಂಟರನ್ನು ಹುಡುಕುವಾಗ ಮೊದಲು ಮಾಡುವ ಕೆಲಸವೇ ‘ಈ ನಂಬರಿನವರು ಯಾರು?’ ಎಂದು ಎಲ್ಲರನ್ನೂ ಕೇಳುವುದು. ಬ್ರಾಡ್‌ಕಾಸ್ಟ್ ಎಂದು ತಂತ್ರಜ್ಞರು ಕರೆಯುವ ಇದನ್ನು ನಾವು ಕೂಗು ಎಂದರೆ ಸಾಕು. ಆರೋಗ್ಯವಾಗಿರುವ ಕಚೇರಿಯಲ್ಲೂ ಇಂಥ ಕೂಗುಗಳು ದಿನವಿಡೀ ಏಳುತ್ತಲೇ ಇರುತ್ತವೆ.

ಈ ಕೂಗು ಹುಟ್ಟಿದ್ದು ಸ್ವಿಚ್‌ಪೆಟ್ಟಿಗೆ ಇಲ್ಲದ ಕಾಲದಲ್ಲಿ. 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಬಾಬ್ ಮೆಟ್‌ಕಾಫ್ ಈಥರ್‌ನೆಟ್ ರೂಪಿಸಿದಾಗ ಇದ್ದದ್ದು ಒಂದೇ ಒಂದು ಉದ್ದನೆಯ ದಪ್ಪ ಕೇಬಲ್. ಎಲ್ಲ ಕಂಪ್ಯೂಟರುಗಳೂ ಅದಕ್ಕೇ ಕಚ್ಚಿಕೊಂಡಿದ್ದವು. ಒಬ್ಬರು ಕೂಗಿದರೆ ತಂತಿಯ ಮೇಲಿನವರೆಲ್ಲ ಒಮ್ಮೆ ಕೇಳುತ್ತಿದ್ದರು, ಅಲ್ಲಿಗೆ ಮುಗಿಯಿತು. ಒಬ್ಬರು ಕೇಳಿ ಇನ್ನೊಬ್ಬರಿಗೆ ದಾಟಿಸುವ ಮಾತೇ ಇರಲಿಲ್ಲ. ಹಾಗಾಗಿ ಈ ಓಲೆ ಎಷ್ಟು ಕೈ ದಾಟಿದೆ ಎಂದು ಅದರ ಮೇಲೆ ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಆ ಒಂದು ಕೊರತೆಯೇ ಮುಂದಿನ ಅನಾಹುತಗಳಿಗೆಲ್ಲ ಮೂಲ.

ಮೂರು ಊರು, ಮೂರು ಡಂಗುರ

ಮೂರು ಊರುಗಳಲ್ಲಿ ಒಬ್ಬೊಬ್ಬ ಡಂಗುರದವನಿದ್ದಾನೆ ಎಂದುಕೊಳ್ಳಿ. ಅವನಿಗೆ ಕೊಟ್ಟಿರುವ ಕಟ್ಟಪ್ಪಣೆ ಒಂದೇ: ಒಂದು ದಾರಿಯಿಂದ ಕಿವಿಗೆ ಬಿದ್ದ ಸುದ್ದಿಯನ್ನು ಊರಲ್ಲಿ ಸಾರಬೇಕು, ಉಳಿದೆಲ್ಲ ದಾರಿಗಳಿಗೂ ಹಾಗೇ ಕೂಗಿ ಹೇಳಬೇಕು. ಈ ಸುದ್ದಿ ಹಳೆಯದೇ, ಮೊದಲೇ ಸಾರಿದ್ದೇ ಎಂದು ಯೋಚಿಸುವ ಅಧಿಕಾರ ಅವನಿಗಿಲ್ಲ.

ಉಮರ್ಗಾದಿಂದ ನಿಲಂಗಾಕ್ಕೆ, ನಿಲಂಗಾದಿಂದ ಉದಗೀರಕ್ಕೆ ದಾರಿಯಿದ್ದು, ಅಲ್ಲಿಗೇ ದಾರಿ ಮುಗಿದರೆ ಏನೂ ತೊಂದರೆಯಿಲ್ಲ. ಉಮರ್ಗಾದವನು ‘ನಾಳೆ ಸಂತೆ’ ಎಂದು ಸಾರುತ್ತಾನೆ. ನಿಲಂಗಾದವನು ಕೇಳಿ ಉದಗೀರಕ್ಕೆ ಕೂಗುತ್ತಾನೆ. ಉದಗೀರದವನಿಗೆ ಮುಂದೆ ಕೂಗಲು ದಾರಿಯಿಲ್ಲ, ಸುದ್ದಿ ಅಲ್ಲಿಗೇ ತಣ್ಣಗಾಗುತ್ತದೆ. ಈಗ ಯಾರೋ ಒಳ್ಳೆಯ ಮನಸ್ಸಿನಿಂದ ಉದಗೀರ–ಉಮರ್ಗಾ ದಾರಿಯನ್ನೂ ತೆರೆಯುತ್ತಾರೆ. ಉಮರ್ಗಾದವನು ಎರಡೂ ಕಡೆ ಕೂಗುತ್ತಾನೆ. ನಿಲಂಗಾದವನು ಅದನ್ನು ಉದಗೀರಕ್ಕೂ, ಉದಗೀರದವನು ನಿಲಂಗಾಕ್ಕೂ ದಾಟಿಸುತ್ತಾರೆ. ಇಬ್ಬರೂ ಕೇಳಿಸಿಕೊಂಡಿದ್ದನ್ನು ಉಮರ್ಗಾಕ್ಕೆ ಕೂಗುತ್ತಾರೆ. ಉಮರ್ಗಾದವನಿಗೆ ತಾನೇ ಹೊರಡಿಸಿದ ಸುದ್ದಿ ಎರಡೂ ದಾರಿಯಿಂದ ಹೊಸ ಸುದ್ದಿಯಾಗಿ ಬಂದು ತಲುಪುತ್ತದೆ. ಅಪ್ಪಣೆಯಂತೆ ಮತ್ತೆ ಸಾರುತ್ತಾನೆ. ಸಂತೆ ಮುಗಿದು ವಾರವಾದರೂ ‘ನಾಳೆ ಸಂತೆ’ ಎಂಬ ಎರಡು ಕೂಗುಗಳು ಎದುರುಬದುರು ದಿಕ್ಕಿನಲ್ಲಿ ಮೂರೂರು ಸುತ್ತುತ್ತಲೇ ಇರುತ್ತವೆ.

ಊರಿನ ಬದಲು ಸ್ವಿಚ್‌ಪೆಟ್ಟಿಗೆ, ದಾರಿಯ ಬದಲು ಕೇಬಲ್ ಎಂದು ಓದಿದರೆ ಅಲ್ಲಿ ನಡೆಯುವುದು ಅಕ್ಷರಶಃ ಇದೇ. ತಂತ್ರಜ್ಞರ ಲೂಪ್, ಅಂದರೆ ಸುತ್ತುದಾರಿ ಇದು. ಮೂರು ಪೆಟ್ಟಿಗೆ ಬೇಕೆಂದೇನಿಲ್ಲ. ಎರಡು ಪೆಟ್ಟಿಗೆಗಳ ನಡುವೆ ಎರಡು ಕೇಬಲ್ ಎಳೆದರೂ ಸುತ್ತುದಾರಿಯೇ, ಒಂದೇ ಪೆಟ್ಟಿಗೆಯ ಎರಡು ಕಿಂಡಿಗಳಿಗೆ ಒಂದೇ ಕೇಬಲ್ಲಿನ ಎರಡು ತುದಿ ಚುಚ್ಚಿದರೂ ಸುತ್ತುದಾರಿಯೇ.

ಇಲ್ಲಿ ಒಂದು ಸಣ್ಣ ತಪ್ಪುಗ್ರಹಿಕೆಯನ್ನು ಸರಿಪಡಿಸಬೇಕು. ಸುತ್ತುದಾರಿಯಲ್ಲಿ ಒಂದು ಓಲೆ ಎರಡಾಗಿ, ನಾಲ್ಕಾಗಿ ಎಂಟಾಗುತ್ತ ಬೆಳೆಯುತ್ತದೆ ಎಂದು ಹಲವರು ವಿವರಿಸುತ್ತಾರೆ. ಮೂರು ಪೆಟ್ಟಿಗೆಗಳ ಸರಳ ಸುತ್ತಿನಲ್ಲಿ ಹಾಗಾಗುವುದಿಲ್ಲ, ಎರಡು ಪ್ರತಿ ಎರಡಾಗಿಯೇ ಸುತ್ತುತ್ತವೆ. ನಾಲ್ಕು ಪೆಟ್ಟಿಗೆಗಳಿದ್ದು, ಪ್ರತಿಯೊಂದೂ ಉಳಿದ ಮೂರಕ್ಕೂ ನೇರ ಜೋಡಣೆ ಹೊಂದಿದ್ದರೆ ಆಗ ಹೆಜ್ಜೆಹೆಜ್ಜೆಗೂ ಇಮ್ಮಡಿಯಾಗುತ್ತವೆ. ಆದರೆ ಸರಳ ಸುತ್ತಿನಲ್ಲೂ ಕಚೇರಿ ಕುಸಿಯುತ್ತದೆ, ಏಕೆಂದರೆ ಹೊಸ ಕೂಗುಗಳು ಏಳುತ್ತಲೇ ಇರುತ್ತವೆ, ಹಳೆಯವು ಸಾಯುವುದೇ ಇಲ್ಲ. ಪೆಟ್ಟಿಗೆಯೊಂದನ್ನು ದಾಟಲು ಓಲೆಗೆ ಬೇಕಾಗುವುದು ಸೆಕೆಂಡಿನ ಲಕ್ಷದಲ್ಲೊಂದು ಪಾಲಿನ ಆಸುಪಾಸು. ಹೀಗಾಗಿ ಒಂದೇ ಕೂಗು ಸೆಕೆಂಡಿಗೆ ಹತ್ತಾರು ಸಾವಿರ ಸುತ್ತು ಹಾಕುತ್ತದೆ. ಇಂದಿನ ಸಾಮಾನ್ಯ ಗಿಗಾಬಿಟ್ ಕೇಬಲ್ ಅತಿ ಚಿಕ್ಕ ಓಲೆಗಳನ್ನು ಸೆಕೆಂಡಿಗೆ ಸುಮಾರು 14.88 ಲಕ್ಷ ಸಾಗಿಸಬಲ್ಲದು. ಆ ಮಿತಿ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಆಮೇಲೆ ನಿಜವಾದ ಕೆಲಸದ ಓಲೆಗೆ ಕೇಬಲ್ಲಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಬ್ರಾಡ್‌ಕಾಸ್ಟ್ ಸ್ಟಾರ್ಮ್ ಎನ್ನುತ್ತಾರೆ. ಕೂಗಿನ ಬಿರುಗಾಳಿ.

ಹಾನಿ ಇಷ್ಟಕ್ಕೇ ನಿಲ್ಲುವುದಿಲ್ಲ. ಕೂಗು ಎಲ್ಲರಿಗೂ ಬರೆದದ್ದಾದ್ದರಿಂದ ಪ್ರತಿ ಕಂಪ್ಯೂಟರೂ ಅದನ್ನು ತೆರೆದು ನೋಡಲೇಬೇಕು. ಸೆಕೆಂಡಿಗೆ ಲಕ್ಷಗಟ್ಟಲೆ ಬಂದರೆ ಬಡಪಾಯಿ ಯಂತ್ರ ಬೇರೆ ಕೆಲಸ ಬಿಟ್ಟು ಅದನ್ನೇ ಮಾಡುತ್ತ ಕೂರುತ್ತದೆ; ಮೌಸ್ ಕೂಡ ತಡವರಿಸುತ್ತದೆ. ಅತ್ತ ಸ್ವಿಚ್‌ಪೆಟ್ಟಿಗೆಯ ಪಟ್ಟಿಯೂ ಹಾಳಾಗುತ್ತದೆ. ಒಂದೇ ಯಂತ್ರದ ಓಲೆ ಈಗ ಎರಡನೇ ಕಿಂಡಿಯಿಂದ, ಮರುಗಳಿಗೆ ಏಳನೆಯದರಿಂದ ಬರುತ್ತಿರುವುದರಿಂದ ‘ಇವರು ಎಲ್ಲಿದ್ದಾರೆ’ ಎಂಬ ಕಾಲಂ ತಿದ್ದಿ ತಿದ್ದಿ ಅರ್ಥ ಕಳೆದುಕೊಳ್ಳುತ್ತದೆ. ನೇರವಾಗಿ ಹೋಗಬೇಕಿದ್ದ ಓಲೆಗಳೂ ದಾರಿ ತಪ್ಪುತ್ತವೆ.

ಪೆಟ್ಟಿಗೆ ಬಂದ್ ಮಾಡಿ ಹಾಕುವುದರಿಂದ ಯಾಕೆ ಗುಣವಿಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ. ದೋಷ ಪೆಟ್ಟಿಗೆಯೊಳಗಿಲ್ಲ, ಕೇಬಲ್‌ಗಳು ಕೂಡಿ ಮಾಡಿದ ಆಕಾರದಲ್ಲಿದೆ. ಪೆಟ್ಟಿಗೆ ಏಳುತ್ತಿದ್ದಂತೆ ಮೊದಲ ಕೂಗು ಅದೇ ಆಕಾರದಲ್ಲಿ ಹೊರಡುತ್ತದೆ.

ಆಯಸ್ಸಿಲ್ಲದ ಓಲೆ

ಹಾಗಾದರೆ ಇಂಟರ್‌ನೆಟ್ ಎಂಬ ಜಗದಗಲದ ಜಾಲದಲ್ಲಿ ಸುತ್ತುದಾರಿಗಳೇ ಇಲ್ಲವೆ? ಬೇಕಾದಷ್ಟಿವೆ. ಆದರೆ ಅಲ್ಲಿ ಓಲೆಗಳನ್ನು ದಾಟಿಸುವುದು ರೌಟರ್ ಎಂಬ ಬೇರೆ ಜಾತಿಯ ಪೆಟ್ಟಿಗೆ. ರೌಟರ್ ಓದುವ ಲಕೋಟೆಯ ಮೇಲೆ ಒಂದು ಆಯಸ್ಸಿನ ಅಂಕಿ ಇರುತ್ತದೆ. ಹೊರಡುವಾಗ ಸಾಮಾನ್ಯವಾಗಿ 64 ಅಥವಾ 128. ಪ್ರತಿ ರೌಟರ್ ದಾಟುವಾಗಲೂ ಅದರಿಂದ ಒಂದು ಕಳೆಯುತ್ತಾರೆ. ಸೊನ್ನೆ ಮುಟ್ಟಿದರೆ ಓಲೆಯನ್ನು ಬಿಸಾಡುತ್ತಾರೆ. ದಾರಿ ತಪ್ಪಿದ ಓಲೆ ಒಂದಷ್ಟು ಅಲೆದು ತಾನಾಗಿಯೇ ಇಲ್ಲವಾಗುತ್ತದೆ. ಸ್ವಿಚ್‌ಪೆಟ್ಟಿಗೆ ಈ ಅಂಕಿಯನ್ನು ನೋಡುವುದೇ ಇಲ್ಲ. ಅದು ಓದುವುದು ಈಥರ್‌ನೆಟ್ಟಿನ ಹೊರ ಲಕೋಟೆಯನ್ನು, ಅದರ ಮೇಲೆ ಆಯಸ್ಸಿಗೆ ಜಾಗವೇ ಇಲ್ಲ. ಹಳೆಯ ಒಂಟಿ ಕೇಬಲ್ಲಿನ ಕಾಲದ ಲಕೋಟೆ ಅದು.

ಲಕೋಟೆಯನ್ನೇ ಬದಲಿಸಬಹುದಿತ್ತಲ್ಲ ಎನ್ನಬಹುದು. 1980ರ ದಶಕದ ಹೊತ್ತಿಗೆ ಈಥರ್‌ನೆಟ್ ಯಂತ್ರಗಳು ಸಾಕಷ್ಟು ಹರಡಿಬಿಟ್ಟಿದ್ದವು. ಎರಡು ಕೇಬಲ್‌ಗಳನ್ನು ಕೂಡಿಸಬೇಕು, ಆದರೆ ತಾವು ಇನ್ನೂ ಒಂದೇ ಕೇಬಲ್ಲಿನ ಮೇಲಿದ್ದೇವೆ ಎಂದು ಯಂತ್ರಗಳು ನಂಬಿಕೊಂಡೇ ಇರಬೇಕು, ಅವುಗಳಲ್ಲಿ ಏನನ್ನೂ ಬದಲಿಸಕೂಡದು. ಮಾರುಕಟ್ಟೆ ಕೇಳುತ್ತಿದ್ದ ಜಾದೂ ಪೆಟ್ಟಿಗೆ ಇದು.

ಒಂದು ಶುಕ್ರವಾರದ ಕೆಲಸ

ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಅಮೆರಿಕದ ಕಂಪ್ಯೂಟರ್ ಕಂಪನಿಯಲ್ಲಿ ಈ ಕೆಲಸ ರೇಡಿಯಾ ಪರ್ಲ್‌ಮನ್ ಮೇಜಿಗೆ ಬಂತು. ಇಂಥ ಪೆಟ್ಟಿಗೆಯೇ ತಪ್ಪು, ಈ ಕೆಲಸ ರೌಟರ್‌ಗಳದ್ದು ಎಂಬುದು ಆಕೆಯ ಅಭಿಪ್ರಾಯವಾಗಿತ್ತು. ಆದರೂ ಒಪ್ಪಿಕೊಂಡರು. ಆಕೆ ಸಂದರ್ಶನಗಳಲ್ಲಿ ಹೇಳುತ್ತ ಬಂದಿರುವಂತೆ, ಮೇಲಧಿಕಾರಿ ಟೋನಿ ಲಾಕ್ ಸಮಸ್ಯೆ ಒಪ್ಪಿಸಿದ್ದು ಒಂದು ಶುಕ್ರವಾರ. ಮುಂದಿನ ವಾರವೆಲ್ಲ ಅವರು ರಜೆ. ಜತೆಗೆ ಒಂದು ಕಠಿಣ ಷರತ್ತು: ನೆಟ್‌ವರ್ಕ್ ಎಷ್ಟೇ ದೊಡ್ಡದಾದರೂ ಈ ಲೆಕ್ಕಕ್ಕೆ ಪ್ರತಿ ಪೆಟ್ಟಿಗೆಗೆ ಬೇಕಾಗುವ ಮೆಮೊರಿ ಹೆಚ್ಚಬಾರದು. ಪರಿಹಾರ ಆ ರಾತ್ರಿಯೇ ಹೊಳೆಯಿತು. ಸೋಮವಾರ, ಮಂಗಳವಾರ ಬರೆದು ಮುಗಿಸಿದರು. ತೋರಿಸಲು ಸಾಹೇಬರಿಲ್ಲ, ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲದು. ಉಳಿದ ದಿನಗಳಲ್ಲಿ ಅದರ ಮೇಲೊಂದು ಪದ್ಯ ಬರೆದರು. 1985ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಆ ಪದ್ಯವೂ ಇದೆ. ವೈಜ್ಞಾನಿಕ ಪ್ರಬಂಧಕ್ಕೆ ಅಂಥ ಭಾಗ್ಯ ಅಪರೂಪ.

ಆಕೆಯ ಉಪಾಯದ ತಿರುಳು ಹೀಗಿದೆ. ಕೇಬಲ್ ಎಷ್ಟು ಬೇಕಾದರೂ ಹಾಕಿಕೊಳ್ಳಿ, ಸುತ್ತು ಎಷ್ಟಾದರೂ ಆಗಲಿ. ಪೆಟ್ಟಿಗೆಗಳು ತಮ್ಮೊಳಗೇ ಮಾತಾಡಿಕೊಂಡು, ಎಲ್ಲರನ್ನೂ ಮುಟ್ಟುವ ಆದರೆ ಎಲ್ಲೂ ಸುತ್ತಾಗದ ದಾರಿಗಳನ್ನಷ್ಟೇ ಬಳಸುತ್ತವೆ. ಹೆಚ್ಚಾದ ದಾರಿಯ ಒಂದು ತುದಿಯ ಬಾಗಿಲು ಹಾಕಿಕೊಳ್ಳುತ್ತವೆ. ಸ್ಪ್ಯಾನಿಂಗ್ ಟ್ರೀ ಎಂಬುದು ಅದರ ಹೆಸರು. ನಮಗೆ ಹರಡುಮರ ಎಂದರಾದೀತು.

ಮರದ ಲೆಕ್ಕ ಹಳೆಯದು. ಮೂರು ಊರು ಕೂಡಿಸಲು ಎರಡು ತಂತಿ ಸಾಕು, ಹತ್ತು ಊರಿಗೆ ಒಂಬತ್ತು. ಅದಕ್ಕಿಂತ ಒಂದು ಹೆಚ್ಚಾದರೆ ಎಲ್ಲೋ ಒಂದು ಕಡೆ ಸುತ್ತು ಆಗಿಯೇ ಆಗುತ್ತದೆ. 1926ರಲ್ಲಿ ಈಗಿನ ಚೆಕ್ ದೇಶದ ಬರ್ನೊ ನಗರದಲ್ಲಿ ಒಟಾಕರ್ ಬೊರುವ್ಕಾ ಎಂಬ ಗಣಿತಜ್ಞ, ಮೊರಾವಿಯಾ ಸೀಮೆಯ ಊರುಗಳಿಗೆ ಅತಿ ಕಡಿಮೆ ತಂತಿಯಲ್ಲಿ ವಿದ್ಯುತ್ ಕೊಡುವುದು ಹೇಗೆಂದು ಲೆಕ್ಕ ಹಾಕಿ ಇಂಥದ್ದೇ ಮರ ಕಟ್ಟಿದ್ದ. ಆದರೆ ಅವನ ಮುಂದೆ ಇಡೀ ನಕ್ಷೆ ಇತ್ತು. ಪರ್ಲ್‌ಮನ್ನರ ಪೆಟ್ಟಿಗೆಗಳ ಬಳಿ ನಕ್ಷೆಯಿಲ್ಲ. ಪ್ರತಿಯೊಂದಕ್ಕೂ ಗೊತ್ತಿರುವುದು ತನ್ನ ಕಿಂಡಿಗಳು ಮಾತ್ರ.

ನಕ್ಷೆಯಿಲ್ಲದೆ ಮರ ಹುಟ್ಟುವುದು ಹೀಗೆ. ಶುರುವಿನಲ್ಲಿ ಪ್ರತಿ ಪೆಟ್ಟಿಗೆಯೂ ‘ನಾನೇ ಬೇರು’ ಎಂದು ತನ್ನ ನಂಬರಿನೊಂದಿಗೆ ಪಕ್ಕದವರಿಗೆ ಹೇಳಿಕೊಳ್ಳುತ್ತದೆ. ತನಗಿಂತ ಚಿಕ್ಕ ನಂಬರ್ ಕೇಳಿದ ಪೆಟ್ಟಿಗೆ ಹಕ್ಕು ಬಿಟ್ಟುಕೊಟ್ಟು, ‘ಅವರು ಬೇರು, ನಾನು ಅವರಿಂದ ಇಷ್ಟು ದೂರ’ ಎಂದು ಮುಂದಕ್ಕೆ ಹೇಳುತ್ತದೆ. ಸ್ವಲ್ಪದರಲ್ಲೇ ಎಲ್ಲರೂ ಒಂದೇ ಬೇರನ್ನು ಒಪ್ಪುತ್ತಾರೆ. ಉಮರ್ಗಾದ ಪೆಟ್ಟಿಗೆ ಬೇರಾಯಿತು ಎನ್ನಿ. ನಿಲಂಗಾ ಮತ್ತು ಉದಗೀರ ತಂತಮ್ಮ ನೇರ ದಾರಿಯನ್ನು ಇಟ್ಟುಕೊಳ್ಳುತ್ತವೆ. ಅವೆರಡರ ನಡುವಿನ ದಾರಿಯಲ್ಲಿ ನಂಬರ್ ಚಿಕ್ಕದಿರುವವರು ಬಾಗಿಲು ತೆರೆದಿರುತ್ತಾರೆ, ದೊಡ್ಡದಿರುವವರು ಮುಚ್ಚುತ್ತಾರೆ. ಸುತ್ತು ಮುರಿಯಿತು. ಕೇಬಲ್ ಮಾತ್ರ ಅಲ್ಲೇ ಇದೆ, ಆಪತ್ತಿಗೆ.

ಬಾಗಿಲು ಮುಚ್ಚಿದ ಕಿಂಡಿ ನಿದ್ದೆ ಹೋಗಿರುವುದಿಲ್ಲ. ಬೇರಿನಿಂದ ಎರಡು ಸೆಕೆಂಡಿಗೊಮ್ಮೆ ಹೊರಡುವ ‘ಇದ್ದೇನೆ’ ಎಂಬ ಓಲೆ ಆ ಕೇಬಲ್ಲಿನಿಂದಲೂ ಅದರ ಕಿವಿಗೆ ಬೀಳುತ್ತಿರುತ್ತದೆ. ಅದು ಕೇಳುವವರೆಗೆ ಬಾಗಿಲು ಮುಚ್ಚಿರುತ್ತದೆ. ಇಪ್ಪತ್ತು ಸೆಕೆಂಡು ಕೇಳದಿದ್ದರೆ, ಆಚೆ ದಾರಿ ಹರಿದಿದೆ ಎಂದು ತಿಳಿದು, ಇನ್ನೊಂದು ಮೂವತ್ತು ಸೆಕೆಂಡು ಹುಷಾರಾಗಿ ಕಾದು, ಬಾಗಿಲು ತೆರೆಯುತ್ತದೆ. 1990ರಲ್ಲಿ ಇದು ಅಂತರರಾಷ್ಟ್ರೀಯ ಎಂಜಿನಿಯರ್‌ಗಳ ಸಂಸ್ಥೆ ಐಇಇಇಯ ಮಾನಕವಾಯಿತು. ಐವತ್ತು ಸೆಕೆಂಡಿನ ಈ ಕಾಯುವಿಕೆಯನ್ನು ಬಹಳವಾಗಿ ತಗ್ಗಿಸಿದ ಚುರುಕು ಆವೃತ್ತಿ 2001ರಲ್ಲಿ ಬಂತು.

ಮೌನವೇ ಅಪ್ಪಣೆಯಾದಾಗ

ಮೇಲಿನ ಪ್ಯಾರಾದಲ್ಲಿ ಒಂದು ಅಪಾಯ ಅಡಗಿದೆ. ಬಾಗಿಲು ತೆರೆಯಲು ಯಾರ ಆದೇಶವೂ ಬೇಕಿಲ್ಲ, ಮೌನ ಸಾಕು. ಕೇಬಲ್ ಹರಿದದ್ದರಿಂದ ಬಂದ ಮೌನಕ್ಕೂ, ಗದ್ದಲದಲ್ಲಿ ‘ಇದ್ದೇನೆ’ ಓಲೆ ಕಳೆದುಹೋದದ್ದರಿಂದ ಬಂದ ಮೌನಕ್ಕೂ ಪೆಟ್ಟಿಗೆಗೆ ವ್ಯತ್ಯಾಸ ತಿಳಿಯದು. ಪೆಟ್ಟಿಗೆಯ ಪ್ರೊಸೆಸರ್ ಭಾರಕ್ಕೆ ಕುಸಿದರೆ, ಅಥವಾ ಫೈಬರಿನ ಜೋಡಿ ಎಳೆಗಳಲ್ಲಿ ಒಂದು ಮಾತ್ರ ಸತ್ತರೆ, ಮುಚ್ಚಿರಬೇಕಾದ ಬಾಗಿಲು ತೆರೆಯುತ್ತದೆ. ಸುತ್ತು ಕೂಡುತ್ತದೆ. ಕೂಗು ಹೆಚ್ಚುತ್ತದೆ. ಹೆಚ್ಚಿದ ಕೂಗಿನಲ್ಲಿ ಮತ್ತಷ್ಟು ‘ಇದ್ದೇನೆ’ ಓಲೆಗಳು ಕಳೆದು, ಇನ್ನೂ ಕೆಲವು ಬಾಗಿಲು ತೆರೆಯುತ್ತವೆ.

2002ರ ನವೆಂಬರ್ 13ರಂದು ಅಮೆರಿಕದ ಬೋಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯಲ್ಲಿ ಇಂಥದ್ದೇ ಆಯಿತು. 1996ರಲ್ಲಿ ಎರಡು ಆಸ್ಪತ್ರೆಗಳು ಕೂಡಿ ಆದ ಸಂಸ್ಥೆ ಅದು. ನೆಟ್‌ವರ್ಕ್ ಬೇಕಾದಾಗ ಬೇಕಾದಲ್ಲಿ ತೇಪೆ ಹಚ್ಚುತ್ತ ಬೆಳೆದಿತ್ತು. ಹರಡುಮರದ ಮಾನಕ ಒಂದು ತುದಿಯಿಂದ ಇನ್ನೊಂದಕ್ಕೆ ಏಳಕ್ಕಿಂತ ಹೆಚ್ಚು ಪೆಟ್ಟಿಗೆ ಬೇಡ ಎನ್ನುತ್ತದೆ. ಅಲ್ಲಿನ ಒಂದು ಭಾಗ ಆ ಮಿತಿಯನ್ನು ಯಾವಾಗಲೋ ದಾಟಿತ್ತು. ಒಬ್ಬ ಸಂಶೋಧಕರ ಕಂಪ್ಯೂಟರಿನಿಂದ ಭಾರಿ ಪ್ರಮಾಣದ ಡೇಟಾ ಹರಿದಾಗ ಮರ ತಡೆಯಲಿಲ್ಲ. ಸುಮಾರು ನಾಲ್ಕು ದಿನ ಆಸ್ಪತ್ರೆ ಕಾಗದಕ್ಕೆ ಮರಳಿತು. ರಕ್ತ ಪರೀಕ್ಷೆಯ ಚೀಟಿ, ಔಷಧಿ ಚೀಟಿ, ವರದಿ ಎಲ್ಲವನ್ನೂ ಜನ ಕೈಯಲ್ಲಿ ಹಿಡಿದು ಓಡಾಡಿದರು; ಕಾಗದದಲ್ಲಿ ಕೆಲಸ ಮಾಡಿ ಗೊತ್ತೇ ಇಲ್ಲದ ಕಿರಿಯ ವೈದ್ಯರಿಗೆ ಹಿರಿಯರು ಫಾರಂ ತುಂಬುವುದನ್ನು ಕಲಿಸಬೇಕಾಯಿತು. ಸಿಸ್ಕೊ ಕಂಪನಿಯ ಎಂಜಿನಿಯರ್‌ಗಳು ಸಾಮಾನು ಸಮೇತ ಬಂದು ನೆಟ್‌ವರ್ಕನ್ನು ತುಂಡುಗಳಾಗಿ ಒಡೆದು, ನಡುವೆ ರೌಟರ್ ಬುದ್ಧಿಯ ಪೆಟ್ಟಿಗೆಗಳನ್ನಿಟ್ಟು ಸರಿಪಡಿಸಿದರು.

ಈ ಘಟನೆ ನಮಗೆ ತಿಳಿದಿರುವುದಕ್ಕೆ ಕಾರಣ ಅಲ್ಲಿನ ಮಾಹಿತಿ ವಿಭಾಗದ ಮುಖ್ಯಸ್ಥ ಜಾನ್ ಹಲಾಮ್ಕಾ. ಸ್ವತಃ ತುರ್ತು ಚಿಕಿತ್ಸೆಯ ವೈದ್ಯರೂ ಆಗಿದ್ದ ಅವರು ಮುಚ್ಚಿಡದೆ ಎಲ್ಲವನ್ನೂ ಬಿಚ್ಚಿ ಹೇಳಿದರು. 2003ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಇದರ ಮೇಲೆ ಲೇಖನ ಪ್ರಕಟಿಸಿತು. ಇಂಥ ಎಷ್ಟೋ ಘಟನೆಗಳು ‘ತಾಂತ್ರಿಕ ದೋಷ’ ಎಂಬ ಎರಡು ಪದದಲ್ಲಿ ಹೂತುಹೋಗುವುದನ್ನು ನೋಡಿದರೆ ಹಲಾಮ್ಕಾ ಮಾಡಿದ್ದು ದೊಡ್ಡ ಉಪಕಾರ.

ಮೇಜಿನ ಕೆಳಗೆ, ಗೋಡೆಯ ಮೇಲೆ

ಬೋಸ್ಟನ್ನಿನಲ್ಲಿ ಮರವಿತ್ತು, ಕುಸಿಯಿತು. ಸಣ್ಣ ಊರಿನ ಶಾಲೆ, ಪತಸಂಸ್ಥೆ, ನರ್ಸಿಂಗ್ ಹೋಮ್‌ಗಳಲ್ಲಿ ಸಾಮಾನ್ಯವಾಗಿ ಮರವೇ ಇರುವುದಿಲ್ಲ. ಸಾವಿರ ರೂಪಾಯಿಯೊಳಗೆ ಸಿಗುವ ಐದು ಅಥವಾ ಎಂಟು ಕಿಂಡಿಯ ಪೆಟ್ಟಿಗೆಗೆ ಹರಡುಮರದ ಭಾಷೆ ಬರುವುದಿಲ್ಲ. ಅನ್‌ಮ್ಯಾನೇಜ್ಡ್ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಹೊಸ ಕಂಪ್ಯೂಟರಿಗೆ ಗೋಡೆಯಲ್ಲಿ ಕಿಂಡಿ ಸಾಲದಾದಾಗ ಯಾರೋ ಇದನ್ನು ತಂದು ಮೇಜಿನ ಕೆಳಗೆ ಇಡುತ್ತಾರೆ. ದಸರೆ ದೀಪಾವಳಿಗೆ ಕಸ ಗುಡಿಸಿ ಮೇಜು ಸರಿಸುವಾಗ ಒಂದು ಕೇಬಲ್ ಕಳಚಿ ನೇತಾಡುತ್ತದೆ. ಅದನ್ನು ನೋಡಿದವರು ಖಾಲಿ ಇದ್ದ ಕಿಂಡಿಗೆ ಚುಚ್ಚುತ್ತಾರೆ. ಇನ್ನೊಂದು ತುದಿ ಈಗಾಗಲೇ ಅದೇ ಪೆಟ್ಟಿಗೆಯಲ್ಲಿದೆ ಎಂದು ಗೊಂಚಲಾದ ನೀಲಿ ಕೇಬಲ್‌ಗಳ ನಡುವೆ ಯಾರಿಗೆ ಕಾಣಬೇಕು? ಐಪಿ ಫೋನಿನ ಹಿಂದೆಯೂ ಎರಡು ಕಿಂಡಿಗಳಿರುತ್ತವೆ, ಒಂದು ಗೋಡೆಗೆ, ಇನ್ನೊಂದು ಕಂಪ್ಯೂಟರಿಗೆ. ಎರಡನ್ನೂ ಗೋಡೆಗೇ ಚುಚ್ಚುವುದು ಜಗತ್ತಿನಾದ್ಯಂತ ನಡೆಯುವ ತಪ್ಪು. ಚುಚ್ಚಿದವರನ್ನು ಬೈಯುವುದು ವಾಡಿಕೆ. ಒಂದು ಖಾಲಿ ಕಿಂಡಿಗೆ ಕೇಬಲ್ ಹಾಕಿದ್ದಕ್ಕೆ ಇಡೀ ಕಟ್ಟಡ ಮಲಗುತ್ತದೆಂದರೆ ತಪ್ಪು ಕಟ್ಟಿದವರದ್ದು.

ಹರಡುಮರ ಬಲ್ಲ ಮ್ಯಾನೇಜ್ಡ್ ಪೆಟ್ಟಿಗೆಗಳಿರುವ ಕಚೇರಿಯಲ್ಲೂ ಮರವನ್ನು ಕೈಯಾರೆ ಕಡಿದಿರುವುದುಂಟು. ಮರಾಠವಾಡದಲ್ಲಿ ಅದಕ್ಕೆ ಒಂದು ದೊಡ್ಡ ಪ್ರಚೋದನೆ ಲೋಡ್‌ಶೆಡ್ಡಿಂಗ್. ಕರೆಂಟ್ ಬಂದಾಗಲೆಲ್ಲ ಪೆಟ್ಟಿಗೆ ಪ್ರತಿ ಕಿಂಡಿಯಲ್ಲೂ ಮೂವತ್ತು ಸೆಕೆಂಡು ಹುಷಾರಾಗಿ ಕಾಯುತ್ತದೆ. ಅಷ್ಟರಲ್ಲಿ ಕಂಪ್ಯೂಟರ್ ಎದ್ದು, ತನ್ನ ನಂಬರ್ ಕೇಳಿ, ಉತ್ತರ ಸಿಗದೆ ‘ನೆಟ್‌ವರ್ಕ್ ಇಲ್ಲ’ ಎಂದು ಕೂರುತ್ತದೆ. ಇದಕ್ಕೆ ಬೇಸತ್ತ ತಂತ್ರಜ್ಞ ಹರಡುಮರವನ್ನೇ ಬಂದ್ ಮಾಡಿ ಹೋಗುತ್ತಾನೆ. ಆ ಸಂಜೆ ಎಲ್ಲರಿಗೂ ಖುಷಿ. ಸರಿಯಾದ ಮದ್ದು ಬೇರೆಯದೇ ಇದೆ: ‘ಈ ಕಿಂಡಿಯಲ್ಲಿ ಕಂಪ್ಯೂಟರ್ ಬಿಟ್ಟು ಬೇರೇನೂ ಇರುವುದಿಲ್ಲ, ಕಾಯಬೇಡ’ ಎಂದು ಆ ಕಿಂಡಿಗಷ್ಟೇ ಹೇಳಬಹುದು. ಪೋರ್ಟ್‌ಫಾಸ್ಟ್, ಎಡ್ಜ್ ಪೋರ್ಟ್ ಎಂಬ ಹೆಸರಲ್ಲಿ ಸೆಟ್ಟಿಂಗಿನಲ್ಲಿ ಸಿಗುತ್ತದೆ. ಅದರ ಜತೆಗೆ ಕಾವಲನ್ನೂ ಇಡಬೇಕು: ಅಂಥ ಕಿಂಡಿಯಲ್ಲಿ ‘ಇದ್ದೇನೆ’ ಓಲೆ ಕೇಳಿಬಂದರೆ, ಅಂದರೆ ಯಾರೋ ಅಲ್ಲಿ ಇನ್ನೊಂದು ಸ್ವಿಚ್‌ಪೆಟ್ಟಿಗೆಯನ್ನೋ ಸುತ್ತು ಕೇಬಲನ್ನೋ ಚುಚ್ಚಿದ್ದರೆ, ಕಿಂಡಿ ತಕ್ಷಣ ಬಂದ್. ಇದಕ್ಕೆ ಬಿಪಿಡಿಯು ಗಾರ್ಡ್ ಎಂದು ಹೆಸರು. ಮೇಜಿನ ಕೆಳಗಿನ ಮೂಕ ಪೆಟ್ಟಿಗೆ ತಾನಾಗಿ ಏನೂ ಹೇಳದಿದ್ದರೂ, ಅದರಲ್ಲಿ ಸುತ್ತು ಬಿದ್ದಾಗ ಬಂದ ಓಲೆಯನ್ನು ಹಾಗೇ ತಿರುಗಿಸಿ ಕಳಿಸುವುದರಿಂದ ಸಾಮಾನ್ಯವಾಗಿ ಈ ಬಲೆಗೆ ಬೀಳುತ್ತದೆ. ಎಲ್ಲ ಮೂಕ ಪೆಟ್ಟಿಗೆಗಳೂ ಹಾಗಲ್ಲ. ಕೆಲವು ಆ ಓಲೆಯನ್ನು ನುಂಗಿಬಿಡುತ್ತವೆ. ಅವಕ್ಕಾಗಿ ಕೂಗಿನ ಮೇಲೇ ಮಿತಿ ಹಾಕಬೇಕು: ಒಂದು ಕಿಂಡಿಯಿಂದ ಸೆಕೆಂಡಿಗೆ ಇಷ್ಟು ಕೂಗಿಗಿಂತ ಹೆಚ್ಚು ಬಂದರೆ ಉಳಿದದ್ದನ್ನು ಬಿಸಾಡು, ಅಥವಾ ಕಿಂಡಿ ಮುಚ್ಚು.

ಬೇರು ಯಾವ ಪೆಟ್ಟಿಗೆ ಎಂಬುದನ್ನೂ ಅದೃಷ್ಟಕ್ಕೆ ಬಿಡಬಾರದು. ಎಲ್ಲ ಪೆಟ್ಟಿಗೆಗಳಿಗೂ ಕಾರ್ಖಾನೆಯಿಂದ ಬರುವಾಗ 32768 ಎಂಬ ಒಂದೇ ಆದ್ಯತೆ ಇರುತ್ತದೆ. ಎಲ್ಲರೂ ಸಮಾನರಾದಾಗ ಕಾರ್ಖಾನೆಯ ಗುರುತು ಯಾರದ್ದು ಚಿಕ್ಕದೋ ಅವರು ಗೆಲ್ಲುತ್ತಾರೆ. ಒಂದೇ ಕಂಪನಿಯ ಪೆಟ್ಟಿಗೆಗಳಲ್ಲಿ ಅದು ಬಹುಮಟ್ಟಿಗೆ ಅತಿ ಹಳೆಯದು. ಹೀಗೆ ಸ್ಟೋರ್ ರೂಮಿನ ಮೂಲೆಯಲ್ಲಿ ಧೂಳು ತಿನ್ನುವ ಮುದಿ ಪೆಟ್ಟಿಗೆ ಇಡೀ ಆಸ್ಪತ್ರೆಯ ಬೇರಾಗಿ ಕೂತಿರುತ್ತದೆ. ನಡುಮನೆಯ ಗಟ್ಟಿ ಪೆಟ್ಟಿಗೆಗೆ ಚಿಕ್ಕ ನಂಬರ್ ಕೊಟ್ಟು ಅದನ್ನೇ ಬೇರು ಮಾಡುವುದು ಎರಡು ನಿಮಿಷದ ಕೆಲಸ.

ಎಲ್ಲಕ್ಕಿಂತ ಮುಖ್ಯವಾದ ಉಪಾಯ ಬೋಸ್ಟನ್ನಿನಲ್ಲಿ ಕಡೆಗೆ ಮಾಡಿದ್ದು: ತುಂಡು ಮಾಡುವುದು. ಬಿಲ್ಲಿಂಗ್, ಎಕ್ಸ್‌ರೇ, ಕ್ಯಾಮೆರಾ, ಅತಿಥಿಗಳ ವೈಫೈ ಎಲ್ಲವೂ ಒಂದೇ ಬಯಲಿನಲ್ಲಿದ್ದರೆ ಒಂದರ ಕೂಗು ಎಲ್ಲರ ಕಿವಿ ಕಿವುಡಾಗಿಸುತ್ತದೆ. ಕಿವುಡಾಗುವುದು ಕಂಪ್ಯೂಟರ್ ಮಾತ್ರ ಅಲ್ಲ. 2006ರ ಆಗಸ್ಟ್ 19ರಂದು ಅಮೆರಿಕದ ಅಲಬಾಮಾದ ಬ್ರೌನ್ಸ್ ಫೆರ್ರಿ ಅಣುಸ್ಥಾವರದ ಮೂರನೇ ಘಟಕದಲ್ಲಿ ನೀರು ತಿರುಗಿಸುವ ಎರಡು ಪಂಪುಗಳು ನಿಂತವು, ಸಿಬ್ಬಂದಿ ರಿಯಾಕ್ಟರನ್ನೇ ಕೈಯಾರೆ ನಿಲ್ಲಿಸಬೇಕಾಯಿತು. ಪಂಪುಗಳ ನಿಯಂತ್ರಕಗಳು ಸ್ಥಾವರದ ನೆಟ್‌ವರ್ಕಿನ ಅತಿ ಗದ್ದಲಕ್ಕೆ ತತ್ತರಿಸಿದ್ದವು. ಅಲ್ಲಿ ಸುತ್ತು ಕೇಬಲ್ ಇತ್ತೆಂದಲ್ಲ. ಆದರೆ ಎಲ್ಲರೂ ಕೇಳಲೇಬೇಕಾದ ಗದ್ದಲ ಒಂದು ಪಂಪನ್ನು ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು.

ಬಿರುಗಾಳಿ ಎದ್ದೇಬಿಟ್ಟರೆ ಹುಡುಕುವ ಕ್ರಮ ಸರಳ. ಪೆಟ್ಟಿಗೆಗಳನ್ನು ಬೆಸೆಯುವ ಕೇಬಲ್‌ಗಳನ್ನು ಮೊದಲು ಕೀಳಬೇಕು, ಕಂಪ್ಯೂಟರಿನವನ್ನಲ್ಲ. ಅರ್ಧ ಕಟ್ಟಡ ಬೇರ್ಪಡಿಸಿದಾಗ ಯಾವ ಅರ್ಧದ ದೀಪಗಳು ತಣ್ಣಗಾದವು ನೋಡಿ, ಇನ್ನೊಂದನ್ನು ಮತ್ತೆ ಅರ್ಧ ಮಾಡುತ್ತ ಹೋಗಬೇಕು. ಕೇಬಲ್‌ಗಳ ಎರಡೂ ತುದಿಗೆ ಚೀಟಿ ಅಂಟಿಸಿದ್ದರೆ ಹತ್ತು ನಿಮಿಷ, ಇಲ್ಲದಿದ್ದರೆ ಮಧ್ಯಾಹ್ನದ ಊಟ ಮರೆಯಬೇಕು.

ಬೇಕೆಂದೇ ಹಾಕಿದ ಸುತ್ತು

ಇಷ್ಟೆಲ್ಲ ಕಾಟವಿದ್ದರೂ ಸುತ್ತುದಾರಿ ಬೇಡವೆನ್ನಲಾಗದು. ಸೊಲ್ಲಾಪುರ–ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65 ಉಮರ್ಗಾದ ಮೂಲಕವೇ ಹಾಯುತ್ತದೆ. ಇಂಥ ರಸ್ತೆಯ ಬದಿಯಲ್ಲಿ ಹೂತ ಫೈಬರಿಗೆ ಎರಡನೆಯ ದಾರಿ ಇಲ್ಲದಿದ್ದರೆ ಒಂದು ಜೆಸಿಬಿಗೆ ಒಂದು ತಾಲ್ಲೂಕು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ 2011ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಾಗ ತಂತಿಗಳನ್ನು ತಾಲ್ಲೂಕು ಕೇಂದ್ರದಿಂದ ಕೊಂಬೆಗಳಂತೆ ಎಳೆಯಲಾಯಿತು. ಮಧ್ಯೆ ಎಲ್ಲಾದರೂ ಕಡಿದರೆ ಮುಂದಿನ ಪಂಚಾಯಿತಿಗಳೆಲ್ಲ ಕತ್ತಲು. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿ ವೆಚ್ಚದ ತಿದ್ದುಪಡಿ ಭಾರತ್‌ನೆಟ್ ಯೋಜನೆಗೆ ಸಂಪುಟ ಒಪ್ಪಿದಾಗ ಆದ ದೊಡ್ಡ ಬದಲಾವಣೆ ಇದೇ: ಪಂಚಾಯಿತಿಗಳನ್ನು ಉಂಗುರದಲ್ಲಿ ಕೂಡಿಸುವುದು, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ತಲುಪಲು. ಹೀಗೆ ಬೇಕೆಂದೇ ಹಾಕಿದ ಸುತ್ತು ಬಿರುಗಾಳಿ ಎಬ್ಬಿಸದಿರಲು ಕಾರಣ ಅಲ್ಲಿ ಸ್ವಿಚ್‌ಪೆಟ್ಟಿಗೆಯ ಬದಲು ರೌಟರ್ ಕೂರುತ್ತದೆ, ಓಲೆಗೆ ಆಯಸ್ಸಿನ ಅಂಕಿ ಸಿಗುತ್ತದೆ.

ಪರ್ಲ್‌ಮನ್ ಕೂಡ ಅಲ್ಲಿಗೇ ಬಂದರು. ಹರಡುಮರ ಹೆಚ್ಚಾದ ಕೇಬಲ್ಲನ್ನು ಸುಮ್ಮನೆ ಕೂರಿಸುತ್ತದೆ, ದುಡ್ಡು ಕೊಟ್ಟು ಹಾಕಿದ ದಾರಿ ಕೆಲಸಕ್ಕೆ ಬರುವುದಿಲ್ಲ ಎಂಬ ಕೊರಗಿಗೆ ಉತ್ತರವಾಗಿ ಆಕೆ ಟ್ರಿಲ್ ಎಂಬ ಹೊಸ ಕ್ರಮ ರೂಪಿಸಿದರು. 2011ರಲ್ಲಿ ಮಾನಕವಾದ ಅದು ಈಥರ್‌ನೆಟ್ ಓಲೆಯ ಹೊರಗೆ ಇನ್ನೊಂದು ಲಕೋಟೆ ತೊಡಿಸುತ್ತದೆ. ಆ ಲಕೋಟೆಯ ಮೇಲೆ, ಮೆಟ್‌ಕಾಫ್ ಲಕೋಟೆಯಲ್ಲಿ ಜಾಗವೇ ಇಲ್ಲದಿದ್ದ, ಎಷ್ಟು ಪೆಟ್ಟಿಗೆ ದಾಟಬಹುದೆಂಬ ಅಂಕಿ ಇದೆ. ದೊಡ್ಡ ಡೇಟಾ ಕೇಂದ್ರಗಳು ಬೇರೆ ಬೇರೆ ಹೆಸರಲ್ಲಿ ಇದೇ ದಿಕ್ಕು ಹಿಡಿದಿವೆ. ಚಿಲ್ಲರೆ ಅಂಗಡಿಯ ಮೂಕ ಪೆಟ್ಟಿಗೆಗೆ ಅದು ಇನ್ನೂ ಬಂದಿಲ್ಲ. ಆದರೆ ಕೆಲವು ಅಗ್ಗದ ಪೆಟ್ಟಿಗೆಗಳಲ್ಲೂ ಈಗ ಲೂಪ್ ಪತ್ತೆ ಎಂಬ ಸೌಲಭ್ಯವಿದೆ: ಪೆಟ್ಟಿಗೆ ಆಗಾಗ ತನ್ನದೇ ಗುರುತಿನ ಓಲೆಯೊಂದನ್ನು ಹೊರಗೆ ಬಿಡುತ್ತದೆ, ಅದು ತಿರುಗಿ ತನ್ನಲ್ಲಿಗೇ ಬಂದರೆ ಆ ಕಿಂಡಿ ಮುಚ್ಚಿ ದೀಪ ಮಿನುಗಿಸುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲೆ ಅದನ್ನು ಹುಡುಕಬಹುದು. ತಂದ ದಿನವೇ, ಕಚೇರಿ ಮುಗಿದ ಮೇಲೆ, ಒಂದು ಕೇಬಲ್ಲಿನ ಎರಡೂ ತುದಿಗಳನ್ನು ಬೇಕೆಂದೇ ಅದಕ್ಕೆ ಚುಚ್ಚಿ, ಎಷ್ಟು ಸೆಕೆಂಡಿನಲ್ಲಿ ಕಿಂಡಿ ಮುಚ್ಚಿತು ಎಂದು ಗಡಿಯಾರ ಹಿಡಿದು ನೋಡಲೂಬಹುದು.